ಸೊಂಟದೆತ್ತರದ ಸ್ವಿಚ್ಚು

ಶವಪೆಟ್ಟಿಗೆ ಬಾಗಿಲಲ್ಲಿ ಸಿಕ್ಕಿಕೊಂಡಿತು. ಕಲಾಕೇಂದ್ರದ ಅದೇ ಬಾಗಿಲಲ್ಲಿ ಪಿಯಾನೊ ಹೋಗಿದೆ, ನಾಟಕದವರ ಮರದ ಕುದುರೆ ಸವಾರನ ಸಮೇತ ಹೋಗಿದೆ. ಏಣಿ ಮಾತ್ರ ಹೋಗಲೊಲ್ಲ. ಮೂವತ್ತಾರು ವರ್ಷ ಇಲ್ಲಿ ಪ್ರೊಜೆಕ್ಟರ್ ನಡೆಸಿದವನನ್ನು ಎಲ್ಲರೂ ಕರೆದದ್ದೇ ಏಣಿ ಎಂದು. ಅವನು ಮೈ ಮುರಿದರೆ ಮೋಡ ಚದುರುತ್ತಿತ್ತು.

“ಓರೆ ಮಾಡಿ, ಇನ್ನೂ ಸ್ವಲ್ಪ ಓರೆ,” ಎಂದ ವ್ಯಾನಿನ ಡ್ರೈವರ್. “ಇಷ್ಟುದ್ದ ಬೆಳೆಯೋಕೆ ಯಾರು ಹೇಳಿದ್ರು ಇವರಿಗೆ?”

“ಸುಮ್ನಿರಪ್ಪ, ಹೋದವನ ಹತ್ರ ಅಳತೆ ಕೇಳ್ತೀಯಾ?” ಎಂದು ಗದರಿದಳು ಏಣಿಯ ತಂಗಿ. ಆಮೇಲೆ ಅಣ್ಣನ ಮಗಳ ಕಿವಿಯ ಬಳಿ ಬಗ್ಗಿ, “ಪುಟ್ಟಿ, ಒಂದು ಹನಿಯಾದ್ರೂ ಅಳಬಾರದೇನೇ? ಜನ ನೋಡ್ತಿದ್ದಾರೆ.”

ಮಗಳು ನೋಡುತ್ತಿದ್ದದ್ದು ಪೆಟ್ಟಿಗೆಯ ಮೂಲೆಗೆ ಮೆತ್ತಿದ ಬಾಗಿಲಿನ ಹಸಿರು ಬಣ್ಣವನ್ನು. ಬೆಳಿಗ್ಗೆಯಿಂದ ಅವಳ ಕಣ್ಣಿಗೆ ಇಂಥವೇ ಬೀಳುತ್ತಿದ್ದವು. ಆಸ್ಪತ್ರೆಯವರು ಸಹಿ ಹಾಕಲು ಕೊಟ್ಟ ಪೆನ್ನಿಗೆ ಮುಚ್ಚಳವಿರಲಿಲ್ಲ. ಅಪ್ಪನ ಕನ್ನಡಕದ ಒಂದು ಕಾಲಿಗೆ ಫಿಲ್ಮ್ ಅಂಟಿಸುವ ಟೇಪು ಸುತ್ತಿತ್ತು. ಅಳು ಎಲ್ಲಿ ಹೋಗಿತ್ತೋ. ಇವತ್ತು ಬರದಿದ್ದರೆ ಇನ್ನೆಂದೂ ಬಾರದು ಎಂಬ ಭಯ ಅವಳಿಗಿತ್ತು; ಆ ಭಯವೂ ಪಕ್ಕದ ಮನೆಯ ರೇಡಿಯೊದಂತೆ ಗೋಡೆಯಾಚೆ ಕೇಳುತ್ತಿತ್ತು.

ಪೆಟ್ಟಿಗೆ ಕೊನೆಗೂ ಒಳಗೆ ಬಂದು ತೆರೆಯ ಮುಂದೆ ಇಳಿಯಿತು. ಅಲ್ಲಿ ಹನ್ನೊಂದು ಜನ ಕೂತಿದ್ದರು. ಭೂಮಿಯ ಮೇಲಿನ ಯಾವ ಥಿಯೇಟರೂ ಮುಟ್ಟದ ಕಲಾತ್ಮಕ ಚಿತ್ರಗಳನ್ನು ಭಾನುವಾರ ಭಾನುವಾರ ನೋಡಿ ಅರಗಿಸಿಕೊಂಡ ವೀರರು. ಒಂದು ಚಿತ್ರದಲ್ಲಿ ಒಬ್ಬಾತ ಒಂದೂಮುಕ್ಕಾಲು ಗಂಟೆ ಬಸ್ಸಿಗೆ ಕಾಯುತ್ತಾನೆ. ಬಸ್ಸು ಬಂದಾಗ ಹತ್ತುವುದಿಲ್ಲ. ಅದರ ನಡುವೆ ಹಲ್ಲಿನ ಡಾಕ್ಟರು ನಿದ್ದೆ ಮುಗಿಸಿ, ಎದ್ದುಹೋಗಿ ಕ್ಷೌರ ಮಾಡಿಸಿಕೊಂಡು ಬಂದರೂ ಬಸ್ಸಿನ ಸುಳಿವಿರಲಿಲ್ಲವಂತೆ.

“ಭಾಷಣ ಬೇಡ,” ಎಂದರು ಕೇಂದ್ರದ ಕಾರ್ಯದರ್ಶಿ. “ಈ ಭಾನುವಾರಕ್ಕೆ ಅಂತ ಏಣಿ ತಾನೇ ರೀಲು ಏರಿಸಿಟ್ಟು ಹೋಗಿದ್ದಾನೆ. ಹನ್ನೆರಡು ನಿಮಿಷದ್ದು. ಅದನ್ನೇ ನೋಡಿ ಕಳಿಸಿಕೊಡೋಣ.”

“ಹನ್ನೆರಡೇ?” ಎಂದರು ಹಲ್ಲಿನ ಡಾಕ್ಟರು. “ಕಣ್ಣು ಮುಚ್ಚೋಕೂ ಸಾಲಲ್ವಲ್ರೀ.”

“ನಾಲ್ಕಕ್ಕೆ ಸ್ಮಶಾನದಲ್ಲಿರಬೇಕು, ಆಮೇಲೆ ನನ್ನ ಕೇಳಬೇಡಿ,” ಎಂದ ಡ್ರೈವರ್.

ಕಾರ್ಯದರ್ಶಿ ಮೇಲಿನ ಪ್ರೊಜೆಕ್ಟರ್ ಕೋಣೆಗೆ ಹತ್ತಿದರು. ಗೋಡೆ ತಡಕುವ ಸದ್ದು, ಏನೋ ಬಿದ್ದ ಸದ್ದು. “ಹಾಲ್‌ನ ದೀಪದ ಸ್ವಿಚ್ಚು ಎಲ್ಲಿ ಬಚ್ಚಿಟ್ಟಿದ್ದಾನಪ್ಪಾ ಈ ಮಹಾನುಭಾವ!”

ಹನ್ನೊಂದು ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಮಗಳು ಎದ್ದಳು. ಇಪ್ಪತ್ತೆಂಟು ವರ್ಷ ಹತ್ತದ ಮೆಟ್ಟಿಲನ್ನು ಅವಳ ಕಾಲುಗಳೇ ಹತ್ತಿದವು. ಕಾರ್ಯದರ್ಶಿ ತಲೆಯೆತ್ತರದಲ್ಲಿ ಹುಡುಕುತ್ತಿದ್ದರು. ಅವಳು ಬಗ್ಗಿ, ಮೇಜಿನ ಪಕ್ಕ ಕೈ ಹಾಕಿ, ದೀಪ ಆರಿಸಿದಳು.

“ಅಷ್ಟು ಕೆಳಗಾ? ಅವನಿಗೆ ಸೊಂಟನೋವು ಬೇರೆ!” ಎನ್ನುತ್ತ ಕಾರ್ಯದರ್ಶಿ ಯಂತ್ರ ಚಾಲೂ ಮಾಡಿ ಕೆಳಗಿಳಿದರು.

*

ಅವಳಿಗೆ ಹತ್ತು ವರ್ಷವಾದಾಗ ಏಣಿ ಎಲೆಕ್ಟ್ರಿಷಿಯನ್‌ನನ್ನು ಕರೆಸಿ, ಅವಳ ಕೈಗೆ ಸಲೀಸಾಗಿ ಎಟುಕುವಂತೆ ಆ ಸ್ವಿಚ್ಚನ್ನು ಕೆಳಗಿಳಿಸಿದ್ದ. ಚಿತ್ರ ಮುಗಿದಾಗ ದೀಪ ಹಾಕುವುದು ಅವಳ ಕೆಲಸ.

“ತೆರೆ ಮೇಲೆ ಕೊನೇ ಹೆಸರು ಹೋಗೋವರೆಗೂ ಮುಟ್ಟಬೇಡ.”

“ಅವನ್ನೆಲ್ಲ ಯಾರಪ್ಪಾ ಓದ್ತಾರೆ?”

“ಯಾರೂ ಓದಲ್ಲ. ಅದಕ್ಕೇ.”

ಒಂದು ಭಾನುವಾರ ಅವಳಿಗೆ ಆನೆ ನುಂಗುವಷ್ಟು ಹಸಿವು. ಏಳು ಹೆಸರು ಬಾಕಿಯಿರುವಾಗಲೇ ಒತ್ತಿಬಿಟ್ಟಳು. ಏಣಿ ಬೈಯಲಿಲ್ಲ. ದೀಪ ಆರಿಸಿದ, ರೀಲು ಹಿಂದಕ್ಕೆ ಸುತ್ತಿದ, ಆ ಏಳು ಹೆಸರನ್ನು ಮತ್ತೆ ಓಡಿಸಿದ. ತಂತಿ ಎಳೆದವನು, ಊಟ ಬಡಿಸಿದವಳು, ಬಾಗಿಲು ಕಾದವನು. ಕೆಳಗೆ ಹನ್ನೊಂದು ತಲೆಗಳು ಒಟ್ಟಿಗೆ ಅವಳತ್ತ ತಿರುಗಿದ ಸದ್ದು ಮೂರು ಬೀದಿಗೆ ಕೇಳಿಸಿರಬೇಕು.

ಮುಂದಿನ ಭಾನುವಾರ ಅವಳು ಹೋಗಲಿಲ್ಲ. ಅವನು ಕರೆಯಲಿಲ್ಲ. ಅಷ್ಟೆ; ಇಬ್ಬರೂ ಆ ವಿಷಯವನ್ನು ಮತ್ತೆ ಎತ್ತಲಿಲ್ಲ.

*

ತೆರೆಯ ಮೇಲೆ ಹೆಂಗಸೊಬ್ಬಳು ಕಿಟಕಿ ಒರೆಸಿದಳು. ಒರೆಸುತ್ತಲೇ ಇದ್ದಳು. ಚಿತ್ರ ಮುಗಿದು ಹೆಸರುಗಳು ಮೇಲೇರತೊಡಗಿದವು.

“ಮುಗೀತಲ್ವಾ? ದೀಪ ಹಾಕಿ, ಎತ್ತೋಣ,” ಎಂದ ಡ್ರೈವರ್.

ಯಾರೂ ಏಳಲಿಲ್ಲ. ಹಲ್ಲಿನ ಡಾಕ್ಟರು ಎಚ್ಚರವಾಗಿದ್ದರು. ಅಂಥದ್ದು ಹಿಂದೆ ನಡೆದ ದಾಖಲೆಯಿಲ್ಲ.

“ಪುಟ್ಟಿ, ದೀಪ ಹಾಕೇ,” ಎಂದಳು ಅತ್ತೆ ಕತ್ತಲೆಯಿಂದ.

“ಇನ್ನೂ ಹೆಸರಿದೆ, ಅತ್ತೆ.”

ಬೆಳಿಗ್ಗೆಯಿಂದ ಅವಳು ಆಡಿದ ಮೊದಲ ಮಾತು ಅದು. ಸ್ವಿಚ್ಚಿನ ಮೇಲೆ ಬೆರಳಿಟ್ಟು ಕಾದಳು. ಪ್ರೊಜೆಕ್ಟರಿನ ಸಂದಿಯಿಂದ ಸೋರಿದ ಬೆಳಕಿನಲ್ಲಿ, ಸ್ವಿಚ್ಚಿನ ಮೇಲ್ಗಡೆ, ಗೋಡೆಯಲ್ಲೊಂದು ಕಪ್ಪು ಕಲೆ ಕಂಡಿತು. ಅಗಲವಾದ ಅಂಗೈ, ಉದ್ದುದ್ದ ಐದು ಬೆರಳು. ಅಪ್ಪ ಬಗ್ಗುವಾಗ ಆಸರೆಗೆಂದು ಒಂದೇ ಕಡೆ ಊರಿ ಊರಿ ಸುಣ್ಣ ಸವೆದು, ಎಣ್ಣೆ ಹಿಡಿದು, ಗೋಡೆಯೇ ಕೈಯಾಗಿತ್ತು.

ಕೊನೆಯ ಹೆಸರೂ ಹೋಯಿತು. ರೀಲಿನ ತುದಿ ಕಳಚಿಕೊಂಡು ಟಪಟಪ ಹೊಡೆದುಕೊಳ್ಳತೊಡಗಿತು. ಖಾಲಿ ತೆರೆಯ ಬಿಳಿ ಬೆಳಕು ಉದ್ದನೆಯ ಪೆಟ್ಟಿಗೆಯ ಮೇಲೆ, ಕದಲದ ಹನ್ನೊಂದು ತಲೆಗಳ ಮೇಲೆ ಬಿತ್ತು. ಡ್ರೈವರ್ ಹೊರಗೆ ಹೋಗಿ ವ್ಯಾನಿನ ಹಾರ್ನ್ ಹೊಡೆದ. ಮಗಳು ಇನ್ನೊಂದು ಕೈಯನ್ನು ಆ ಕಲೆಯ ಮೇಲಿಟ್ಟಳು. ಅವಳ ಕೈಯ ಸುತ್ತಲೂ ಎರಡು ಬೆರಳಿನಷ್ಟು ಜಾಗ ಉಳಿಯಿತು.