ಹದಿಮೂರನೆಯ ಮೀನು

ಒಂದಾನೊಂದು ಕಾಲದಲ್ಲಿ ನಮ್ಮ ಮಲಬೊನ್ ನದಿಯಲ್ಲಿ ಭತ್ತದ ಕಾಳಿನಷ್ಟು ಮೀನೊಂದಿತ್ತಂತೆ. ನಾಣ್ಯ ಅಚ್ಚು ಹಾಕಿಸುವ ರಾಜ ಡಂಗುರ ಸಾರಿಸಿದ, ಬನ್ನಿ, ನಿಮ್ಮ ಚಿತ್ರ ಕೆತ್ತಿಸುತ್ತೇನೆ ಎಂದು. ಕಾಡೆಮ್ಮೆ ನುಗ್ಗಿ ಬಂದು ಒಂದು ಪೆಸೊ ಹಿಡಿಯಿತು. ಹದ್ದು ಐವತ್ತು ಸೆಂಟಿಮೊ, ಅಂದರೆ ಅರ್ಧ ಪೆಸೊ, ಕಚ್ಚಿಕೊಂಡು ಹಾರಿತು. ಚಿಟ್ಟೆಗೆ ಇಪ್ಪತ್ತೈದು, ಸೀತಾಳೆ ಹೂವಿಗೆ ಐದು, ಶಂಖಕ್ಕೆ ಒಂದು. ಮೀನು ಬೆಳಗಿನಿಂದ ರಾಜನ ಎದುರಿಗೇ ಇತ್ತು, ಯಾರ ಕಣ್ಣಿಗೂ ಬೀಳಲಿಲ್ಲ ಅಷ್ಟೆ. ಎಲ್ಲರೂ ಹೋದ ಮೇಲೆ ಉಳಿದ ಹತ್ತು ಸೆಂಟಿಮೊ ಅದರ ಪಾಲಿಗೆ ಬಂತು.

ಅಮ್ಮನ ತಾಯಿ ಇಸ್ಯಾಂಗ್ ಅಜ್ಜಿ ಈ ಕಥೆ ಹೇಳುವಾಗಲೆಲ್ಲ ನಾನು ಕಣ್ಣು ಮುಚ್ಚಿ ನದಿಗೆ ಇಳಿದುಬಿಡುತ್ತಿದ್ದೆ. ಈಗ ನದಿಯಲ್ಲಿ ಆ ಮೀನಿಲ್ಲ, ಅಂಗಡಿಯಲ್ಲಿ ಆ ನಾಣ್ಯ ನಡೆಯುವುದಿಲ್ಲ. ಆದರೂ ಅಜ್ಜಿ ಮೀನಿನ ನಾಣ್ಯಗಳನ್ನು ಕೂಡಿಡುತ್ತಿದ್ದಳು. ಮದುವೆಯಲ್ಲಿ ಗಂಡು ಹೆಣ್ಣಿನ ಬೊಗಸೆಗೆ ಸುರಿಯುವ ಹದಿಮೂರು ನಾಣ್ಯ, ನಮ್ಮ 'ಆರಾಸ್', ಅವೇ ಆಗಬೇಕೆಂದು ಅವಳ ಹಟ. ಮದುವೆ ನನ್ನದಲ್ಲ, ನನ್ನ ಅಪ್ಪ ಅಮ್ಮಂದಿರದು. ಇಪ್ಪತ್ತಾರು ವರ್ಷದ ಹಿಂದೆ ಅಮ್ಮ ಅಪ್ಪನ ಜೊತೆ ಓಡಿಬಂದವಳು. ಇಗರ್ಜಿಯ ಮದುವೆ ಎರಡು ಸಲ ಗೊತ್ತಾಗಿ ಎರಡು ಸಲವೂ ತಪ್ಪಿತ್ತು. ಒಮ್ಮೆ ಕಾಗದಪತ್ರ ಸಿಗಲಿಲ್ಲ, ಒಮ್ಮೆ ಚಂಡಮಾರುತ. ಅಜ್ಜಿ ಆರು ನಾಣ್ಯ ಕೂಡಿಸಿ ತೀರಿಕೊಂಡಳು. "ಉಳಿದ ಏಳು ನಿನ್ನ ಮೇಲೆ, ಮಗಾ," ಎಂದಿದ್ದಳು. ನಾನು ಹೂಂ ಎಂದಿದ್ದೆ.

ಹೂಂ ಎನ್ನುವುದು ಸುಲಭ. ಹಗಲೆಲ್ಲ ಮೀನಿನ ಉಪ್ಪುರಸದ ಕಾರ್ಖಾನೆಯಲ್ಲಿ ಬಾಟಲಿ ತುಂಬಿಸಿ, ವಾಸನೆ ಹೊತ್ತ ಕೈಯಲ್ಲೇ ಸಂತೆಯ ಹಳೆ ಸಾಮಾನಿನವರ ಡಬ್ಬಿಗಳನ್ನು ಕೆದಕುತ್ತಿದ್ದೆ. ಹನ್ನೊಂದು ತಿಂಗಳಲ್ಲಿ ಆರು ಸಿಕ್ಕವು. ಇನ್ನೊಂದು ಬಾಕಿ.

"ಇಗರ್ಜಿಯಲ್ಲೇ ಬಾಡಿಗೆಗೆ ಸಿಗುತ್ತೆ ಕಣೆ, ಚಿನ್ನದ ನೀರು ಬಿಟ್ಟದ್ದು," ಎಂದ ಅಪ್ಪ, ಸೈಕಲ್ ಗಾಡಿಯ ಸರಪಳಿಗೆ ಎಣ್ಣೆ ಹಾಕುತ್ತಾ.

"ಮನೆ ಬಾಡಿಗೆ, ನಿನ್ನ ಗಾಡಿ ಬಾಡಿಗೆ. ಇದೂ ಬಾಡಿಗೆಯದಾದ್ರೆ ಗಂಡನ್ನೂ ಸಂಜೆ ವಾಪಸ್ ಕೊಡ್ಬೇಕಾ?" ಎಂದಳು ಅಮ್ಮ, ಊರವರ ಬಟ್ಟೆ ಹಿಂಡುತ್ತಾ. "ಅಮ್ಮನ ನಾಣ್ಯ ಇಲ್ದೆ ನಾನು ಪಾದ್ರಿ ಮುಂದೆ ನಿಲ್ಲಲ್ಲ ಪೊನ್ಸೊ. ಇದೇ ಕೊನೆ ಸಲ. ಇನ್ನೊಂದು ಸಲಕ್ಕೆ ನನ್ನ ಮಂಡಿಗೆ ಶಕ್ತಿಯಿಲ್ಲ."

ಮದುವೆಗೆ ಮೂರು ದಿನ ಇರುವಾಗ ಕಾರ್ಖಾನೆಯ ಗೆಳತಿಯ ಮಾವ ತೀರಿಕೊಂಡರು. ಮಧ್ಯಾಹ್ನ ಹೆಣ ನೋಡಲು ಹೋದೆ. ಶವಪೆಟ್ಟಿಗೆಯ ಪಕ್ಕದಲ್ಲೇ ಗಂಡಸರು ನಾಣ್ಯ ಚಿಮ್ಮಿ ಜೂಜಾಡುತ್ತಿದ್ದರು. ಸಾವಿನ ಮನೆಯಲ್ಲಿ ಅದು ಇದ್ದದ್ದೇ. ಚಿಮ್ಮಿದ ನಾಣ್ಯ ಬೆಂಚಿನ ಮೇಲೆ ಬಿತ್ತು. ಈ ನಾಣ್ಯಗಳ ಒಂದು ಮುಖದಲ್ಲಿ ಒಬ್ಬ ಕವಿಯ ಚಿತ್ರವಿರುತ್ತದೆ, ಇದರಲ್ಲಿ ಜೂಜಿಗೆಂದು ಅದನ್ನು ಉಜ್ಜಿ ಉಜ್ಜಿ ನುಣ್ಣಗೆ ಮಾಡಿದ್ದರು. ಇನ್ನೊಂದು ಮುಖದಲ್ಲಿ ಮೀನು, ರೆಕ್ಕೆ ಬಿಚ್ಚಿಕೊಂಡು.

"ಮಾಂಗ್ ಉಸ್ತಿಂಗ್, ಅದನ್ನ ನನಗೆ ಕೊಡಿ," ಎಂದೆ ಚಿಮ್ಮಿದ ಮುದುಕನಿಗೆ.

"ಇದ್ಯಾಕಮ್ಮಾ ನಿಂಗೆ? ನನಗೆ ಅದೃಷ್ಟದ್ದು ಇದು," ಎಂದ ಮುದುಕ.

"ಬೆಳಗಿನಿಂದ ಸೋಲ್ತಾನೇ ಇದೀಯ. ಕೊಟ್ಟುಬಿಡೋ, ನಿನ್ನ ಅದೃಷ್ಟ ಅವಳ ಮನೆಗಾದ್ರೂ ಹೋಗ್ಲಿ!" ಎಂದು ಎದುರಿನವನು ನಕ್ಕ. ಮಾಂಗ್ ಉಸ್ತಿಂಗ್ ಬೈಯುತ್ತಲೇ ಕೊಟ್ಟ.

ಸಾವಿನ ಮನೆಯಿಂದ ನೇರ ಮನೆಗೆ ಬರಬಾರದು. ಬೇರೆಲ್ಲಾದರೂ ನಿಂತು, ಹಿಂದೆ ಬಂದ ಸಾವನ್ನು ಅಲ್ಲೇ ಕೊಡವಿ ಬರಬೇಕು. ಗೊತ್ತಿತ್ತು. ಆದರೆ ಕಾಲು ಸೋತಿದ್ದವು, ಬೀದಿಯಲ್ಲಿ ಉಬ್ಬರದ ನೀರು ಏರುತ್ತಿತ್ತು. ನೇರ ಬಂದೆ. ನಾಣ್ಯ ಎಲ್ಲಿಯದೆಂದು ಅಮ್ಮ ಕೇಳಿದಾಗ ಸಂತೆಯದು ಎಂದೆ.

ಮದುವೆಯ ಬೆಳಗ್ಗೆ ಇಗರ್ಜಿಯೊಳಗೆ ಮೊಳಕಾಲುದ್ದ ನೀರು. ಒಂಬತ್ತು ಜೋಡಿಗಳಿಗೆ ಒಟ್ಟಿಗೆ ಮದುವೆ. ಹೆಣ್ಣುಗಳೆಲ್ಲ ಬಿಳಿ ಲಂಗ ಎತ್ತಿ ಹಿಡಿದು ನಿಂತಿದ್ದರು. ಮುಂದೂಡುವುದಿಲ್ಲ ಎಂದು ಪಾದ್ರಿ ಮೊದಲೇ ಹೇಳಿದ್ದರು. ನಾನು ಕರವಸ್ತ್ರ ಬಿಚ್ಚಿ ಆರಾಸ್ ಅನ್ನು ಅಪ್ಪನ ಬೊಗಸೆಗೆ ಹಾಕಿದೆ. ಅವನು ಅಮ್ಮನ ಕೈಗೆ ಸುರಿಯುವಾಗ ಒಂದು ಜಾರಿ ನೀರಿಗೆ ಬಿತ್ತು.

ಆರಾಸ್ ಬಿದ್ದರೆ ಸಂಸಾರ ನಿಲ್ಲುವುದಿಲ್ಲ ಎನ್ನುತ್ತಾರೆ.

"ಮೀನಲ್ವಾ, ನೀರು ಕಂಡ ಕೂಡ್ಲೇ ಹಾರ್ತು," ಎಂದು ಹಿಂದಿನಿಂದ ಯಾರೋ ಅಂದರು.

ಅಮ್ಮನ ಅಂಗೈಯಲ್ಲಿ ಉಳಿದವನ್ನು ನೋಡಿದೆ. ಎಲ್ಲದರಲ್ಲೂ ಕವಿಯ ಮುಖವಿತ್ತು. ಹೋದದ್ದು ಆ ಉಜ್ಜಿದ ನಾಣ್ಯವೇ. ತಡೆಯಲಾಗಲಿಲ್ಲ.

"ಅಮ್ಮಾ, ಅದು ಸಂತೆಯದಲ್ಲ. ಸಾವಿನ ಮನೇದು, ಜೂಜಿನದು. ಎಲ್ಲೂ ನಿಲ್ದೆ ನೇರ ಮನೆಗೆ ತಂದುಬಿಟ್ಟೆ."

ಅಮ್ಮ ನನ್ನನ್ನೇ ನೋಡಿದಳು. ಅವಳ ಕಣ್ಣ ಕೆಳಗೆ ಇಪ್ಪತ್ತಾರು ವರ್ಷ ಜೋತುಬಿದ್ದಿತ್ತು.

"ಸಾವು ನಿನ್ನ ಹಿಂದೇನೇ ಬಂದಿರ್ಬಹುದು ಮಗಳೇ," ಎಂದಳು ನಿಧಾನವಾಗಿ. "ನಮ್ಮ ಮನೇಲಿ ಕೂರೋಕೆ ಒಣ ಜಾಗ ಎಲ್ಲಿದೆ? ನೋಡಿ ಬೇಜಾರಾಗಿ ವಾಪಸ್ ಹೋಗಿರುತ್ತೆ. ಪೊನ್ಸೊ, ಏನು ನಿಂತಿದೀಯ? ಹುಡುಕು."

ನಾನು ಬಗ್ಗಿ ಎರಡೂ ಕೈಯಿಂದ ಕೆಸರು ತಡಕಿದೆ. ಹೂವಿನ ಎಸಳು, ಒಂದು ಪಿನ್ನು, ಯಾರದೋ ಚಪ್ಪಲಿಯ ಬಾರು. ಹಗುರ ಅಲ್ಯೂಮಿನಿಯಂ, ನೀರು ಅದನ್ನು ಎಲ್ಲಿಗೆ ಒಯ್ದಿತೋ. ಪಕ್ಕದ ಜೋಡಿಗಳು ಒಂದೊಂದೇ ಕಾಲೆತ್ತಿ ಜಾಗ ಕೊಟ್ಟರು. ಪಾದ್ರಿ ಪುಸ್ತಕದ ನಡುವೆ ಬೆರಳಿಟ್ಟು ಕಾದರು.

ಅಪ್ಪ ಬಗ್ಗಲಿಲ್ಲ. ಬಾಡಿಗೆಯ ಬೂಟುಗಳನ್ನು ಕಳಚಿ ಬೆಂಚಿನ ಮೇಲಿಟ್ಟ, ಕಣ್ಣು ಮುಚ್ಚಿದ, ಬರಿಗಾಲನ್ನು ನೆಲಕ್ಕೆ ಸವರುತ್ತ ಅಂಗುಲ ಅಂಗುಲ ಸರಿದ. ನೀರು ತುಂಬಿದ ಬೀದಿಗಳಲ್ಲಿ ಗಾಡಿ ತಳ್ಳಿ ತಳ್ಳಿ ಹೊಂಡ ಯಾವುದು, ಮೊಳೆ ಯಾವುದು ಎಂದು ಆ ಅಂಗಾಲಿಗೆ ಗೊತ್ತು. ಮೂರನೆಯ ಬೆಂಚಿನ ಹತ್ತಿರ ನಿಂತ.

"ನುಣ್ಣಗಿದೆ," ಎಂದ.

ಕಾಲ್ಬೆರಳುಗಳ ನಡುವೆ ಹಿಡಿದು ಮೇಲೆತ್ತಿದ. ಅಂಗಿಗೆ ಒರೆಸಿದ. ಪಾದ್ರಿ ಏನೂ ಕೇಳದೆ ಪ್ರಾರ್ಥನೆಯನ್ನು ಮೊದಲಿನಿಂದ ಓದಿದರು. ಈ ಸಲ ಅಪ್ಪ ಸುರಿಯಲಿಲ್ಲ. ಒಂದೊಂದಾಗಿ ಅಮ್ಮನ ಅಂಗೈಯಲ್ಲಿ ಇಟ್ಟ, ನಾನು ತುಟಿಯಲ್ಲೇ ಎಣಿಸಿದೆ. ಹದಿಮೂರನೆಯದನ್ನು ಇಟ್ಟಾಗ ಅಮ್ಮ ಮುಷ್ಟಿ ಮುಚ್ಚಿದಳು.