ನಾಲ್ಕನೇ ನಂಬರ್ ಬಸ್ಸಿನ ಡ್ರೈವರು

ನಮ್ಮಜ್ಜಿ ಮೂವತ್ತೊಂದು ವರ್ಷ ಆಸ್ಪತ್ರೆಯ ಚಾದರಗಳಿಗೆ ಇಸ್ತ್ರಿ ಹಾಕಿದಳು. ಅಜ್ಜ ಬೇಗ ತೀರಿಕೊಂಡಿದ್ದರಿಂದ ನನ್ನಮ್ಮನನ್ನೂ ಮಾವನನ್ನೂ ಸಾಕಿದ್ದು ಆ ಇಸ್ತ್ರಿಪೆಟ್ಟಿಗೆಯೇ. ಅಜ್ಜಿಯನ್ನು ಕೇಳಿದರೆ, ಸಾಕಿದ್ದು ದೇವರು, ತಾನು ಬರೀ ಇಸ್ತ್ರಿ ಹಾಕಿದ್ದು ಎನ್ನುತ್ತಿದ್ದಳು.

ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಗಟ್ಟಿಯಾಗಿ ಪ್ರಾರ್ಥಿಸುತ್ತಿದ್ದಳು. ದೇವರಿಗೆ ಪಿಸುಮಾತೂ ಕೇಳಿಸುತ್ತದೆಂದು ಅವಳಿಗೆ ನಂಬಿಕೆಯಿತ್ತು. ಮನೆಯವರ ಕಿವಿಯ ಮೇಲೆ ಅಷ್ಟು ನಂಬಿಕೆಯಿರಲಿಲ್ಲ. ಒಬ್ಬೊಬ್ಬರ ಹೆಸರೆತ್ತಿ, ಅವರಿಗೇನು ಬೇಕೆಂದು ದೇವರಿಗೆ ಬಿಡಿಸಿ ಹೇಳುತ್ತಿದ್ದಳು. "ಮಗಳ ಸಿಟ್ಟು ಸ್ವಲ್ಪ ಇಳಿಸು. ಪಕ್ಕದ ಮನೆಯವಳ ಮಂಡಿನೋವು ವಾಸಿ ಮಾಡು. ಅವಳ ನಾಲಿಗೆ ನಿನಗೆ ಬಿಟ್ಟಿದ್ದು."

ಮಾವ ನಾಲ್ಕನೇ ನಂಬರ್ ಬಸ್ಸಿನ ಡ್ರೈವರ್. ಅವನಿಗೆ ಮೂವತ್ತಾದಾಗ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಳು. ಮಗುವೂ ಉಳಿಯಲಿಲ್ಲ. ಹದಿನೈದು ದಿನ ಅವನು ಯಾರ ಜೊತೆಗೂ ಮಾತಾಡಲಿಲ್ಲ. ಹದಿನಾರನೇ ಬೆಳಿಗ್ಗೆ ಅಡುಗೆಮನೆಗೆ ಬಂದ.

"ಅಮ್ಮ, ಇನ್ಮೇಲೆ ನನ್ನ ಹೆಸರು ಅಲ್ಲಿ ಎತ್ತಬೇಡ. ನಂಗೂ ಅವ್ನಿಗೂ ಮುಗೀತು."

ಅಜ್ಜಿ ಅವನನ್ನೇ ನೋಡಿದಳು. "ಆಯ್ತಪ್ಪ, ಎತ್ತಲ್ಲ" ಎಂದಳು.

ಮರುದಿನ ಪಟ್ಟಿಗೆ ಹೊಸ ಗಿರಾಕಿ ಸೇರಿದ. "ನಾಲ್ಕನೇ ನಂಬರ್ ಬಸ್ಸಿನ ಡ್ರೈವರು. ಯಾರ ಮಗನೋ ಏನೋ, ಪಾಪ. ಸರಿಯಾಗಿ ಉಣ್ತಿಲ್ಲ."

ಮಾವ ಗೋಡೆಯಾಚೆ ಶೂ ಕಟ್ಟುತ್ತ ಕೇಳಿಸಿಕೊಂಡ. ಅಂದು ಊಟದ ಡಬ್ಬಿ ಖಾಲಿಯಾಗಿ ಬಂತೆಂದು ಅಮ್ಮ ಈಗಲೂ ಹೇಳುತ್ತಾಳೆ. ಅಮ್ಮನ ಮಾತಿಗೆ ಉಪ್ಪುಖಾರ ಬೀಳುವುದುಂಟು. ಅರ್ಧ ಖಾಲಿ ಎಂದಿಟ್ಟುಕೊಳ್ಳಿ.

ಹೀಗೇ ಇಪ್ಪತ್ತೆಂಟು ವರ್ಷ ನಡೆಯಿತು. ಮಾವ ಅಜ್ಜಿಯನ್ನು ಪ್ರಾರ್ಥನಾ ಮಂದಿರದ ಬಾಗಿಲ ತನಕ ಬಿಟ್ಟು, ಹೊರಗೆ ಬೆಂಚಿನ ಮೇಲೆ ಪೇಪರ್ ಓದುತ್ತಿದ್ದ. ಒಳಗೆ ಬಾ ಎಂದು ಅಜ್ಜಿ ಒಮ್ಮೆಯೂ ಕರೆಯಲಿಲ್ಲ. ಯಾಕೆ ಎಂದು ನಾನೊಮ್ಮೆ ಕೇಳಿದೆ.

"ಇಲ್ಲದೇ ಇರೋರ ಮೇಲೆ ಯಾರಾದ್ರೂ ಇಷ್ಟು ವರ್ಷ ಸಿಟ್ಟಿಟ್ಕೋತಾರೇನೆ?" ಎಂದಳು. "ಅದು ಅವರಿಬ್ಬರ ಜಗಳ. ನಡುವೆ ನಾನ್ಯಾಕೆ ಬಾಯಿ ಹಾಕ್ಲಿ?"

ಕೊನೆಯ ವರ್ಷ ಅವಳಿಗೆ ಮರೆವು ಹತ್ತಿತು. ಹೆಸರುಗಳು ಒಂದೊಂದಾಗಿ ಕಳಚಿಕೊಂಡವು. ಒಂದು ಬೆಳಿಗ್ಗೆ ನನ್ನ ಹೆಸರು ಬರಬೇಕಾದ ಕಡೆ ನಿಂತುಬಿಟ್ಟಳು. ಮುಂದೆ ಹೋಗಲಾಗದೆ ಅಳತೊಡಗಿದಳು. ಅವಳು ಅತ್ತಿದ್ದನ್ನು ನಾವು ಅದುವರೆಗೆ ನೋಡಿರಲಿಲ್ಲ. ನಿವೃತ್ತನಾಗಿ ಮನೆಯಲ್ಲಿದ್ದ ಮಾವ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ. ನನ್ನ ಹೆಸರು ಹೇಳಿದ.

"ಹೂಂ" ಎಂದಳು.

"ಆಮೇಲೆ ಪಕ್ಕದ ಮನೆಯವರ ಮಂಡಿ."

"ಹೂಂ, ಮಂಡಿ."

ಅಂದಿನಿಂದ ದಿನಾ ಮಾವ ಹೇಳುವುದು, ಅಜ್ಜಿ ಹೂಂಗುಡುವುದು. ಗೋಡೆಯಾಚೆಯಿಂದ ಕೇಳಿ ಕೇಳಿ ಇಡೀ ಪಟ್ಟಿ ಅವನಿಗೆ ಬಾಯಿಪಾಠವಾಗಿತ್ತು. ಒಬ್ಬನನ್ನು ಮಾತ್ರ ಹಾರಿಸುತ್ತಿದ್ದ. ಒಂದು ದಿನ ಅಜ್ಜಿ ತಡೆದಳು.

"ಬಸ್ಸಿನವನು?"

"ಅವನು ರಿಟೈರಾದ, ಅಮ್ಮ."

"ಈಗ ಯಾರು ಓಡಿಸ್ತಾರೆ?"

"ಯಾರೋ ಹೊಸಬರು."

"ಕೇಳ್ಕೊಂಡು ಬಾ. ಸೇರಿಸ್ಬೇಕು."

ಮಾವ ಡಿಪೋಗೆ ಹೋಗಿ ಕೇಳಿಕೊಂಡು ಬಂದ. ಹೊಸ ಡ್ರೈವರ್ ಹೆಂಗಸು. ಅಜ್ಜಿ ಯೋಚಿಸಿ, "ಸೀಟು ಸರಿಯಿಲ್ಲದಿದ್ರೆ ಸೊಂಟ ಹೋಗುತ್ತೆ, ನೋಡ್ಕೋ" ಎಂದು ದೇವರಿಗೆ ತಿಳಿಸಿದಳು.

"ಹಳಬನಿಗೆ?" ಎಂದ ಮಾವ. ಯಾಕೆ ಕೇಳಿದೆನೆಂದು ಅವನಿಗೇ ಗೊತ್ತಿಲ್ಲವಂತೆ.

"ಅವನ ಹೆಸರು ಎತ್ತೋ ಹಾಗಿಲ್ಲ. ಮಾತು ಕೊಟ್ಟಿದೀನಿ."

ಪಕ್ಕದಲ್ಲಿ ಕೂತವನು ಯಾರೆಂದು ಆಗ ಅವಳಿಗೆ ತಿಳಿಯುತ್ತಿರಲಿಲ್ಲ. ಮಾತು ಕೊಟ್ಟಿದ್ದು ಮಾತ್ರ ನೆನಪಿತ್ತು.

"ಪರವಾಗಿಲ್ಲ. ಈಗ ಎತ್ತಬಹುದಂತೆ."

ಅಜ್ಜಿ ಬಾಯಿ ತೆರೆದಳು. ಹೆಸರು ಬರಲಿಲ್ಲ. ಮಾವ ತನ್ನ ಹೆಸರನ್ನು ತಾನೇ ಹೇಳಿದ, ಶಾಲೆಯಲ್ಲಿ ಹಾಜರಿ ಹೇಳುವವರ ಹಾಗೆ.

"ಹೂಂ" ಎಂದಳು ಅಜ್ಜಿ, ಮತ್ತು ಅವನ ಮುಂಗೈ ಹಿಡಿದುಕೊಂಡಳು. ಗ್ಯಾಸ್ ಮೇಲಿಟ್ಟ ಹಾಲು ಉಕ್ಕಿತು. ಇಬ್ಬರೂ ಏಳಲಿಲ್ಲ.

ಮೂರು ವಾರದ ಮೇಲೆ ಅವಳು ತೀರಿಕೊಂಡಳು. ನೆನಪಿನ ಸಭೆಯಲ್ಲಿ ಹಿರಿಯರೊಬ್ಬರು ಅವಳ ಭಕ್ತಿಯ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ಅವರು ಹೇಳಿದ ಹೆಂಗಸು ಯಾರೆಂದು ನಮಗೆ ಗುರುತು ಹತ್ತಲಿಲ್ಲ. ಮಾವ ಒಳಗೆ ಬಂದು ಕೊನೆಯ ಸಾಲಿನಲ್ಲಿ ಕೂತಿದ್ದ. ನೀವೂ ಎರಡು ಮಾತಾಡಿ ಎಂದಾಗ ಎದ್ದು ನಿಂತು, "ನಮ್ಮಮ್ಮ ಯಾರನ್ನೂ ಬಿಟ್ಟುಕೊಡ್ತಿರಲಿಲ್ಲ" ಎಂದು ಕೂತುಬಿಟ್ಟ.

ಹೊರಗೆ ಬರುವಾಗ ಕೇಳಿದೆ. "ನೀನೀಗ ನಂಬ್ತೀಯಾ, ಮಾವ?"

"ಗೊತ್ತಿಲ್ಲಮ್ಮ" ಎಂದ. "ಸಿಟ್ಟು ಮಾತ್ರ ಮೊದಲಿನ ಹಾಗೆ ಬರ್ತಿಲ್ಲ. ವಯಸ್ಸಾಯ್ತೇನೋ."

ಆಮೇಲೆ ನನ್ನಮ್ಮನ ಕೈ ಹಿಡಿದು, ಹುಷಾರಾಗಿ, ಒಂದೊಂದೇ ಮೆಟ್ಟಿಲು ಇಳಿಸಿದ.