ಹಣಮಪ್ಪನ ಆಯ

ಸಂಗಮೇಶ ಕೀಬೋರ್ಡಿಗೆ ಗುದ್ದಿದ ಸದ್ದಿಗೆ ಇಡೀ ಸೈಬರ್ ಕೆಫೆ ತಿರುಗಿ ನೋಡಿತು.

"ಮೆಲ್ಲಗಪ್ಪಾ! ಇನ್ನೂರೈವತ್ತು ರೂಪಾಯಿದು ಅದು," ಎಂದು ಕೌಂಟರಿನಿಂದ ಗುಂಡಣ್ಣ ಕೂಗಿದ. ಬಿಟಿಎಂ ಎರಡನೇ ಹಂತದಲ್ಲಿ, ಜೆರಾಕ್ಸ್ ಅಂಗಡಿಯ ಮೇಲಿನ ಆ ಕೆಫೆ ಅವನದು.

"ತಪ್ಪಾತ್ರೀ ಅಣ್ಣಾರ," ಎಂದ ಸಂಗಮೇಶ. ತಪ್ಪು ತನ್ನದಲ್ಲ ಎಂಬುದು ಮಾತ್ರ ಅವನಿಗೆ ಖಾತ್ರಿಯಿತ್ತು.

ಹಗಲೆಲ್ಲ ಕೊರಿಯರ್ ಆಫೀಸಿನಲ್ಲಿ ಪಾರ್ಸೆಲ್ ವಿಂಗಡಿಸಿ, ಸಂಜೆ ಆರಕ್ಕೆ ಅವನು ಇಲ್ಲಿ ಬಂದು ಕೂರುತ್ತಿದ್ದ. ಸಾವಿರಾರು ಜನ ಒಟ್ಟಿಗೆ ಆಡುವ ಇಂಟರ್ನೆಟ್ ಆಟ ಅದು. ಬೇಕಾದವರು ಸೈನಿಕರಾಗಬಹುದು, ಮಂತ್ರವಾದಿಗಳಾಗಬಹುದು. ಸಂಗಮೇಶ ಕಮ್ಮಾರನಾಗಿದ್ದ. ಗುಳೇದಗುಡ್ಡದ ಕಡೆಯ ಹಳ್ಳಿಯಲ್ಲಿ ನಿಜಕ್ಕೂ ಕುಲುಮೆ ಊದಿದ್ದ ಅಜ್ಜ ಹಣಮಪ್ಪನ ಹೆಸರನ್ನೇ ತನ್ನ ಕಮ್ಮಾರನಿಗೂ ಇಟ್ಟಿದ್ದ. ಅವನು ಮಾಡಿದ ಪ್ರತಿ ಕತ್ತಿಯ ಕೆಳಗೂ 'ಹಣಮಪ್ಪ ಮಾಡಿದ್ದು' ಎಂದು ಮೂಡುತ್ತಿತ್ತು. ಅದನ್ನು ನೋಡುವುದೇ ಅವನಿಗೊಂದು ಸುಖ.

ಮಾಡುವುದರಲ್ಲಿ ತೊಂದರೆಯಿರಲಿಲ್ಲ, ಬೆಲೆ ಕಟ್ಟುವುದರಲ್ಲಿ ಅವನ ಜೀವ ಹೋಗುತ್ತಿತ್ತು. ಅದಿರು, ಇದ್ದಿಲು, ಎರಡು ಗಂಟೆಯ ಕೂಲಿ ಎಲ್ಲ ಸೇರಿಸಿ ಆಟದ ಪೇಟೆಯಲ್ಲಿ ಕತ್ತಿಗೆ ಇಪ್ಪತ್ತೆರಡು ಸಾವಿರ ನಾಣ್ಯ ಅಂತ ಚೀಟಿ ಹಚ್ಚಿದರೆ, ಪಕ್ಕದ ಅಂಗಡಿಯವನು ಇಪ್ಪತ್ತೊಂದು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಹಚ್ಚುತ್ತಿದ್ದ. ಇವನು ಐನೂರು ಇಳಿಸಿದರೆ ಅವನು ಐನೂರ ಒಂದು ಇಳಿಸುತ್ತಿದ್ದ. ಅಂಗಡಿ ಮುಚ್ಚುವ ಹೊತ್ತಿಗೆ ಇದ್ದಿಲಿನ ಕಾಸೂ ಹುಟ್ಟುತ್ತಿರಲಿಲ್ಲ. ಲುಕ್ಸಾನಾಗುವುದಿಲ್ಲವೇ ಎಂದು ಇವತ್ತು ತಡೆಯಲಾರದೆ ಅವನನ್ನೇ ಕೇಳಿಬಿಟ್ಟಿದ್ದ.

'ಅದಿರು ನಾನೇ ಅಗೆದಿದ್ದು ಗುರು, ಫ್ರೀ,' ಎಂದು ಉತ್ತರ ಬಂದಿತ್ತು. ಗುದ್ದು ಬಿದ್ದದ್ದು ಅದಕ್ಕೆ.

"ಅಗಿಯೂದಕ್ಕ ನಾಕ್ ತಾಸು ಹೋಗ್ಯಾವಲ್ಲ, ಅವೇನ್ ಪುಕ್ಕಟ ಬಂದಾವೇನ?" ಎಂದು ಅವನು ಪರದೆಗೆ ಹೇಳಿದ.

ಇದರಿಂದ ಪಾರಾಗಲು ಒಂದೇ ದಾರಿಯಿತ್ತು. ಹತ್ತು ಲಕ್ಷ ನಾಣ್ಯ ಕಟ್ಟಿ ಮಾಸ್ಟರ್ ಕಮ್ಮಾರನಾಗಬೇಕು. ಇಡೀ ಪೇಟೆಗೆ ಅಂಥವರು ಐದೇ ಜನ. ಅವರು ಮಾಡುವ ಗುರಾಣಿಯನ್ನು ಬೇರೆ ಯಾರೂ ಮಾಡಲಾರರು, ಹಾಗಾಗಿ ಅವರು ಹೇಳಿದ್ದೇ ಬೆಲೆ. ಆದರೆ ಮುಂದಿನ ತಿಂಗಳಿಂದ ಆ ಶುಲ್ಕ ನಲವತ್ತು ಲಕ್ಷವಾಗುತ್ತದೆಂದು ಆಟದ ಕಂಪನಿಯವರು ಡಂಗುರ ಹೊಡೆಸಿದ್ದರು. ತಿಂಗಳ ಕೊನೆಯ ಭಾನುವಾರ ಮಧ್ಯಾಹ್ನ ಹನ್ನೆರಡರವರೆಗೆ ಮಾತ್ರ ಹಳೆಯ ದರ. ಸಂಗಮೇಶನ ಹತ್ತಿರ ಇದ್ದದ್ದು ಹನ್ನೆರಡು ಸಾವಿರ.

ಆಗ ಅವನಿಗೆ ಅಜ್ಜನ ಆಯ ನೆನಪಾಯಿತು. ಹಣಮಪ್ಪ ಬದುಕಿಡೀ ಒಂದು ಕುಡುಗೋಲಿಗೂ ಬೆಲೆ ಹೇಳಿದವನಲ್ಲ. ವರ್ಷವಿಡೀ ಊರವರ ಕಬ್ಬಿಣ ತಟ್ಟಿಕೊಡುವುದು, ಸುಗ್ಗಿಯಲ್ಲಿ ಅವರು ಅಳೆದುಕೊಟ್ಟ ಜೋಳ ತರುವುದು. ಆ ಜೋಳವೇ ಆಯ, ಅಷ್ಟೇ ವ್ಯವಹಾರ. ಚೌಕಾಸಿಯ ಮಾತೇ ಇಲ್ಲ.

ಕೆಫೆಯಲ್ಲೇ ಸಾಲಾಗಿ ಕೂತು, ಆಟದ ಕೋಟೆಗಾಗಿ ಪ್ರತಿ ಭಾನುವಾರ ಕಾದಾಡುವ ಹತ್ತು ಹುಡುಗರ ತಂಡವೊಂದಿತ್ತು. ಜಯನಗರದಿಂದ ಬೈಕಿನಲ್ಲಿ ಬರುತ್ತಿದ್ದ ಇಂಜಿನಿಯರಿಂಗ್ ವಿದ್ಯಾರ್ಥಿ ಮಾಧವ ಅದರ ನಾಯಕ. ಸಂಗಮೇಶ ಅವನಿಗೆ ವಿಷಯ ಹೇಳಿದ.

"ನಿಮ್ ಹತ್ತೂ ಮಂದಿ ಹತ್ಯಾರ ನಾ ಮಾಡ್ತೇನಿ, ರಿಪೇರಿನೂ ನಂದ. ರೊಕ್ಕ ಬ್ಯಾಡ. ಕೋಟೆ ಗೆದ್ದಾಗ ಅದರ ಖಜಾನಿಯೊಳಗ ಹತ್ತು ಲಕ್ಷ ನಂಗ."

"ಸಖತ್ ಮಗಾ! ಡೀಲ್," ಎಂದು ಮಾಧವ ಕೈ ಕುಲುಕಿದ.

ಸಂಗಮೇಶ ಜೀವ ತೇಯ್ದು ಹತ್ತು ಆಯುಧ ಮಾಡಿದ. ತಿಂಗಳ ಮೊದಲ ಭಾನುವಾರವೇ ತಂಡ ಕೋಟೆ ಗೆದ್ದಿತು. ಕೆಫೆಯಲ್ಲಿ ಕುಣಿದಾಡಿದರು, ಕೆಳಗಿನ ಬೇಕರಿಯಿಂದ ಪಫ್ಸ್ ಬಂತು, ಹತ್ತು ಲಕ್ಷ ಬರಲಿಲ್ಲ.

ಎರಡನೇ ವಾರ ಕೇಳಿದ. "ಕೊಡ್ತೀವಿ ಮಗಾ," ಎಂದ ಮಾಧವ. ಮೂರನೇ ವಾರ, "ಟೆನ್ಷನ್ ತಗೋಬೇಡ ಗುರು," ಎಂದ. ಮತ್ತೆ ಮತ್ತೆ ಕೇಳಲು ಸಂಗಮೇಶನಿಗೆ ನಾಲಿಗೆ ಏಳದು. ಅಜ್ಜ ಯಾರ ಮನೆ ಬಾಗಿಲಲ್ಲೂ ನಿಂತು ಕೇಳಿದವನಲ್ಲ.

ಕೊನೆಯ ಶನಿವಾರ ಅವನ ಕಣ್ಣಿಗೆ ಬಿದ್ದದ್ದು ಮಾಧವನ ತಂಡದ ಅಂಗಡಿ. ರಿಪೇರಿಯ ಜೊತೆಗೆ ಅವನು ಸುಮ್ಮನೆ ಕೊಟ್ಟಿದ್ದ ಸಾದಾ ಕತ್ತಿಗಳು, ಕೋಟೆ ಗೆದ್ದವರ ಕತ್ತಿಗಳೆಂಬ ಹೆಸರಿನಲ್ಲಿ, ಅಲ್ಲಿ ಸಾಲಾಗಿದ್ದವು. ಹಣಮಪ್ಪ ಮಾಡಿದ್ದು, ನಲವತ್ತು ಸಾವಿರ. ಒಂದೊಂದಕ್ಕೆ! ಇಪ್ಪತ್ತೆರಡಕ್ಕೆ ತಾನು ಮಾರಲಾರದೆ ಸತ್ತಿದ್ದ ಕತ್ತಿ! ಅವನ ಮೈಯೆಲ್ಲ ಉರಿದುಹೋಯಿತು.

ಅದೇ ಸಂಜೆ ಹತ್ತೂ ಜನ ಮಾಮೂಲಿನಂತೆ ತಮ್ಮ ಯುದ್ಧದ ಆಯುಧಗಳನ್ನು ರಿಪೇರಿಗೆಂದು ಆಟದೊಳಗಿನ ಅವನ ಚೀಲಕ್ಕೆ ಹಾಕಿ ಹೋದರು. ಮರುದಿನ ಹನ್ನೊಂದಕ್ಕೆ ಕೋಟೆ ಉಳಿಸಿಕೊಳ್ಳುವ ಯುದ್ಧ.

ಭಾನುವಾರ ಹನ್ನೊಂದಕ್ಕೆ ಐದು ನಿಮಿಷವಿರುವಾಗ ಸಂಗಮೇಶ ಪೇಟೆಯ ನಡುವೆ ಅಂಗಡಿ ಬಿಚ್ಚಿದ. ಹತ್ತೂ ಆಯುಧ ಇಟ್ಟು ಒಂದೊಂದಕ್ಕೆ ಒಂದು ಲಕ್ಷ ಅಂತ ಹಚ್ಚಿದ. ಬರಬೇಕಾದ ಹತ್ತು ಲಕ್ಷಕ್ಕೆ ಸರಿಹೋಯಿತು. ಬೇಕಾದರೆ ದುಡ್ಡು ಕೊಟ್ಟು ಬಿಡಿಸಿಕೊಳ್ಳಲಿ. ಇಷ್ಟು ದುಬಾರಿಗೆ ಹೊರಗಿನವರು ಯಾರೂ ಕಣ್ಣೆತ್ತಿ ನೋಡುವುದಿಲ್ಲ ಎಂಬ ಧೈರ್ಯ ಅವನದು.

"ಮಗಾ, ಕತ್ತಿ?" ಎಂದು ಸಾಲಿನ ಆ ತುದಿಯಿಂದ ಮಾಧವ ಕೂಗಿದ.

"ಅಂಗಡ್ಯಾಗ ಅದ. ರೊಕ್ಕ ಕೊಟ್ಟು ತಗೋರಿ."

ಮಾಧವನಿಗೆ ಅರ್ಥವಾಗಲು ಅರ್ಧ ನಿಮಿಷ ಹಿಡಿಯಿತು. ಅಷ್ಟರಲ್ಲಿ ಅಂಗಡಿ ಖಾಲಿಯಾಗಿತ್ತು. ಕೊಂಡವರು ಕೆಂಪು ಬಾವುಟದ ತಂಡದವರು, ಕೋಟೆಗೆ ಮುತ್ತಿಗೆ ಹಾಕಲು ಬಂದಿದ್ದ ಶತ್ರುಗಳು. ಹತ್ತೂ ಆಯುಧ ಬಾಚಿಕೊಂಡು ನೇರ ಕೋಟೆಗೆ ಹೋದರು. ಬರಿಗೈಯಲ್ಲಿದ್ದ ಹುಡುಗರನ್ನು ಅವರದೇ ಕತ್ತಿಗಳಿಂದ ಕಡಿದರು. ಹನ್ನೊಂದೂಕಾಲಕ್ಕೆ ಕೋಟೆ ಹೋಯಿತು.

ಹುಡುಗರು ಬಾಯಿಗೆ ಬಂದಂತೆ ಬೈದು ಮೆಟ್ಟಿಲಿಳಿದರು. ಮಾಧವ ಬೈಯಲಿಲ್ಲ. ಬಂದು ಅವನ ಕುರ್ಚಿಯ ಹಿಂದೆ ನಿಂತ.

"ಎಷ್ಟಕ್ಕೆ ಕೊಟ್ಟೆ?"

"ಲಕ್ಷಕ್ಕೊಂದು."

"ಮೂರು ಲಕ್ಷದ ಮಾಲು ಕಣೋ ಅವು! ಪೇಟೇಲಿ ಒಂದ್ಸಲ ವಿಚಾರಿಸೋದಲ್ವಾ?"

ಸಂಗಮೇಶ ಪರದೆಯ ಮೇಲಿನ ಹತ್ತು ಲಕ್ಷವನ್ನು ಇನ್ನೊಮ್ಮೆ ಎಣಿಸಿದ. ಈ ಸಲವೂ ಕಡಿಮೆಯೇ ಹೇಳಿದ್ದ!

"ನೀವ್ ನನ್ನ ಕತ್ತಿ ನಲವತ್ ಸಾವಿರಕ್ಕ ಮಾರಿದ್ರಿ. ನಂಗೊಂದು ಪೈಸಾ ಕೊಡಲಿಲ್ಲ."

"ಅದು ಕೋಟೆ ಕಾವಲಿಗೆ ಹೋಯ್ತು. ಗೆದ್ದ ತಕ್ಷಣ ಖಜಾನೆ ತೆರೆಯಲ್ಲ ಕಣೋ, ಮೂರು ವಾರ ಹಿಡ್ಕೊಂಡು, ಇವತ್ತೂ ಉಳಿಸ್ಕೊಂಡಿದ್ರೆ ಹನ್ನೊಂದೂವರೆಗೆ ಖಜಾನೆ ತೆರೀತಿತ್ತು. ಮೊದಲು ನಿಂದೇ ಹತ್ತು ಲಕ್ಷ ತೆಗೆಯೋಣ ಅಂತಿದ್ದೆ."

"ಮತ್ತ ಇದನ್ನ ಹೇಳಾಕ ಏನಾಗಿತ್ತಲೇ ನಿಂಗ?"

"ನೀನು ಯಾವತ್ತಾದ್ರೂ ಕೇಳಿದ್ಯಾ, ಯಾವಾಗ ಕೊಡ್ತೀರಾ ಅಂತ? ಕೊಡ್ತೀರಾ ಅಂತ ಮಾತ್ರ ಕೇಳ್ದೆ," ಎಂದು ಮಾಧವ ಹತ್ತೂ ಜನರ ದುಡ್ಡು ಕೊಡಲು ಕೌಂಟರಿಗೆ ಹೋದ.

ಸಂಗಮೇಶನ ಚೀಲದಲ್ಲಿ ಹತ್ತು ಲಕ್ಷವಿತ್ತು, ಗಡಿಯಾರದಲ್ಲಿ ಹನ್ನೊಂದು ಐವತ್ತು. ಮಾಸ್ಟರ್ ಕಮ್ಮಾರರ ಸಭಾಮಂಟಪದ ಮುಂದೆ ಹಣಮಪ್ಪನನ್ನು ನಿಲ್ಲಿಸಿ, ಶುಲ್ಕ ಕಟ್ಟುವೆಯಾ ಎಂಬ ಪ್ರಶ್ನೆಯನ್ನು ನೋಡುತ್ತ ಕೂತ. ಖಜಾನೆಯೆಂಬ ಸುಗ್ಗಿಗೆ ಅರ್ಧ ಗಂಟೆಯಿರುವಾಗ ಊರವರ ಕುಡುಗೋಲುಗಳನ್ನು ಸಂತೆಯಲ್ಲಿ ಮಾರಿ ಬಂದಿದ್ದ, ಅದೂ ಹಣಮಪ್ಪನ ಹೆಸರಿಟ್ಟುಕೊಂಡು. ಅಜ್ಜ ಇದ್ದಿದ್ದರೆ ಇಕ್ಕಳದಲ್ಲೇ ಬಡಿಯುತ್ತಿದ್ದ.

ಆಗಲೇ ಕೆಂಪು ಬಾವುಟದವನೊಬ್ಬನ ಸಂದೇಶ ಬಂತು. 'ನಿಮ್ಮ ಕತ್ತಿ ಮೊಂಡಾಗಿದೆ. ರಿಪೇರಿಗೆ ಎಷ್ಟು?' ಮಾಧವನ ಕತ್ತಿ ಅದು. ಮಾಧವನನ್ನು ಕಡಿದೇ ಮೊಂಡಾಗಿತ್ತು.

'ಅದನ್ನ ವಾಪಸ್ ಕೊಡ್ರಿ. ಎಷ್ಟು?' ಎಂದು ಸಂಗಮೇಶ ಬರೆದ.

'ಹತ್ತು ಲಕ್ಷ.' ಬೆಲೆ ಹೇಳಲು ಅವನಿಗೆ ಒಂದು ಕ್ಷಣವೂ ಬೇಕಾಗಲಿಲ್ಲ.

ಸಂಗಮೇಶ ಹಲ್ಲು ಕಚ್ಚಿ ಒಪ್ಪಿಗೆಯ ಬಟನ್ ಒತ್ತಿದ. ಕತ್ತಿ ತಟ್ಟಿ ಹರಿತ ಮಾಡಿದ. ಹನ್ನೆರಡು ಹೊಡೆಯಿತು. ಸಭಾಮಂಟಪದ ಫಲಕದಲ್ಲಿ ಹತ್ತು ಹೋಗಿ ನಲವತ್ತು ಬಂತು.

"ಏ ಮಾಧವಾ," ಎಂದು, ಕೌಂಟರಿನಲ್ಲಿ ಇನ್ನೂ ಗುಂಡಣ್ಣನೊಂದಿಗೆ ಲೆಕ್ಕ ಮಾಡುತ್ತಿದ್ದವನನ್ನು ಕೂಗಿದ. "ನಿನ್ನ ಕತ್ತಿ ಅದ ಇಲ್ಲೆ. ಬಾ, ತಗೋ."

ಮಾಧವ ಬಂದು ಪರದೆಯನ್ನು ನೋಡಿದ, ಇವನ ಖಾಲಿ ಚೀಲವನ್ನೂ ನೋಡಿದ. "ಎಷ್ಟು ಕೊಡ್ಬೇಕೋ?" ಎಂದು ಮೆಲ್ಲಗೆ ಕೇಳಿದ.

ಕೀಬೋರ್ಡಿಗೆ ಇನ್ನೊಂದು ಗುದ್ದು ಗುದ್ದಲು ಸಂಗಮೇಶನ ಕೈ ತುರಿಸುತ್ತಿತ್ತು.

"ಸುಗ್ಗಿಗೆ ಕೊಡು," ಎಂದ.